ಸ್ಕೋಪ್ ಕೂರಿಸಲು ಯಾವ ಕೀ ಒಳ್ಳೆಯದು? ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಏರ್ ರೈಫಲ್‌ಗೆ ಮನೆಯಲ್ಲೇ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಲು ಹೊರಟವರಿಗೆ ಮೊದಲು ಕೈಕೊಡುವುದು, ಸ್ಕೋಪನ್ನು ರೈಫಲ್‌ಗೆ ಹಿಡಿಸುವ ರಿಂಗ್‌ಗಳ ಡಬ್ಬಿಯಲ್ಲೇ ಬರುವ ಪುಟ್ಟ ಅಲೆನ್ ಕೀ, ಅಂದರೆ ಆರು ಮೂಲೆಯ ಬಾಗಿದ ಕಡ್ಡಿ. ನನ್ನದು 4.5 ಮಿ.ಮೀ.ನ ಸ್ಪ್ರಿಂಗ್ ರೈಫಲ್, ನಳಿಕೆ ಬಗ್ಗಿಸಿ ಲೋಡ್ ಮಾಡುವಂಥದ್ದು. ಕಾಗದದ ಗುರಿಗೆ ಹೊಡೆಯಲು ಮಾತ್ರ ಬಳಸುತ್ತೇನೆ. ಇದರ ಮೇಲೆ ಡಬ್ಬಿಯ ಕೀ, ಟಿ ಹಿಡಿಯ ಕೀ, ಬಿಟ್ (ಬದಲಾಯಿಸಬಹುದಾದ ತುದಿ) ಹಾಕುವ ಸ್ಕ್ರೂಡ್ರೈವರ್, ಬಿಗಿಯನ್ನು ಅಳೆದು ನಿಲ್ಲಿಸುವ ಟಾರ್ಕ್ ಸ್ಕ್ರೂಡ್ರೈವರ್ ನಾಲ್ಕನ್ನೂ ಬಳಸಿ ನೋಡಿದ್ದೇನೆ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಸ್ಪ್ರಿಂಗ್ ರೈಫಲ್‌ಗೆ ಬೇಕು. ಅದು ಎರಡು ಸಲ ಒದೆಯುತ್ತದೆ. ಸ್ಪ್ರಿಂಗ್ ತಳ್ಳಿ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ತುದಿಗೆ ಹೋಗಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಆ ಎರಡನೇ ಜಗ್ಗಿಗೆ ರಿಂಗ್‌ಗಳು 11 ಮಿ.ಮೀ.ನ ಡವ್‌ಟೇಲ್ (ರೈಫಲ್ ಮೇಲೆ ರಿಂಗ್ ಕಚ್ಚುವ ಹಳಿ) ಮೇಲೆ ಮೆಲ್ಲಗೆ ಹಿಂದೆ ಸರಿಯುತ್ತವೆ. ಸ್ಕ್ರೂ ಸಡಿಲವಿದ್ದರೆ ಗುರಿ ದಿನಕ್ಕೊಂದು ಕಡೆ. ಬಿಗಿ ಜಾಸ್ತಿಯಾದರೆ ಸ್ಕೋಪ್‌ನ 25.4 ಮಿ.ಮೀ.ನ ಅಲ್ಯೂಮಿನಿಯಂ ಕೊಳವೆ ನೆಗ್ಗುತ್ತದೆ. ರಿಂಗ್‌ನ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ ಹೇಳುವ ಬಿಗಿ 15ರಿಂದ 20 ಇಂಚ್-ಪೌಂಡ್. ಅಂದರೆ ಹೆಚ್ಚುಕಮ್ಮಿ 1.7ರಿಂದ 2.3 ನ್ಯೂಟನ್ ಮೀಟರ್. ತೀರಾ ಕಮ್ಮಿ ಅದು.

ಡಬ್ಬಿಯ ಕೀ ನನಗೆ ಬೇಡವೇ ಬೇಡ. ಮೆತ್ತನೆ ಕಬ್ಬಿಣ, ಆರು ಮೂಲೆಗಳೂ ಬೇಗ ದುಂಡಗಾಗುತ್ತವೆ. ಆಮೇಲೆ ಅದು ಸ್ಕ್ರೂ ತಲೆಯನ್ನೂ ತನ್ನ ಜೊತೆ ಕೆಡಿಸುತ್ತದೆ. ಕಳೆದುಹೋದರೆ ಮನೆಯಲ್ಲಿರುವ ಸೆಟ್‌ನಿಂದ ಒಂದನ್ನು ತೆಗೆದು ಹಾಕುತ್ತೇವೆ ಅಲ್ವಾ, ಅಲ್ಲೇ ಇರುವುದು ಅಪಾಯ. ಕೆಲವು ರಿಂಗ್‌ಗಳ ಸ್ಕ್ರೂ ಇಂಚಿನ ಅಳತೆಯವು. 7/64 ಇಂಚು ಅಂದರೆ 2.78 ಮಿ.ಮೀ. ಅದರೊಳಗೆ 2.5 ಮಿ.ಮೀ. ಕೀ ಸಲೀಸಾಗಿ ಹೋಗುತ್ತದೆ, ಸ್ವಲ್ಪ ತಿರುಗುತ್ತದೆ ಕೂಡ. ಬಿಗಿ ಬಂದ ಕೂಡಲೇ ಕಿರ್ ಅಂತ ಜಾರಿ, ಒಳಗಿನ ಮೂಲೆಗಳನ್ನು ಕೆರೆದು ಹಾಕುತ್ತದೆ. 1/8 ಇಂಚಿನ ಸ್ಕ್ರೂಗೆ 3 ಮಿ.ಮೀ. ಕೀ ಹಾಕಿದರೂ ಇದೇ ಪಾಡು. ನಾನು ಮಾಡುವ ಪರೀಕ್ಷೆ ಸುಲಭ: ಸ್ಕ್ರೂವನ್ನು ಬಿಚ್ಚಿ ಕೈಗೆ ತೆಗೆದುಕೊಂಡು, ಕೀಗೆ ಸಿಕ್ಕಿಸಿ, ಬೆರಳಲ್ಲಿ ಆಚೀಚೆ ಅಲ್ಲಾಡಿಸಿ ನೋಡುವುದು. ಲೊಡಲೊಡ ಅಂದರೆ ಆ ಕೀ ಬೇಡ.

ಟಿ ಹಿಡಿಯ ಕೀ ಕೈಗೆ ತುಂಬ ಹಿತ. ಸ್ಟೀಲ್ ಕೂಡ ಸಾಮಾನ್ಯವಾಗಿ ಗಟ್ಟಿ. ರಿಂಗ್‌ನ ಬುಡವನ್ನು ಡವ್‌ಟೇಲ್‌ಗೆ ಹಿಡಿಸುವ ದಪ್ಪ ಸ್ಕ್ರೂಗಳಿಗೆ ಇದರಷ್ಟು ಒಳ್ಳೆಯದು ಬೇರೆ ಸಿಗಲಿಲ್ಲ. ಮೇಲಿನ ಸಣ್ಣ ಸ್ಕ್ರೂಗಳಿಗೆ ಮಾತ್ರ ಮುಟ್ಟಬೇಡಿ. ಇಡೀ ಅಂಗೈ ಹಿಡಿಯ ಮೇಲಿರುವಾಗ ಎರಡು ನ್ಯೂಟನ್ ಮೀಟರ್ ಯಾವಾಗ ದಾಟಿತು ಅಂತ ಗೊತ್ತೇ ಆಗುವುದಿಲ್ಲ. ತುದಿ ಗುಂಡಗಿರುವ ಕೀ ಇದ್ದರೆ ಓರೆಯಾಗಿ ತಿರುಗಿಸಲು ಅನುಕೂಲ. ಆದರೆ ಕೊನೆಯ ಬಿಗಿಗೆ ಅದೂ ಸಲ್ಲದು, ಸ್ಕ್ರೂವನ್ನು ಮುಟ್ಟುವ ಜಾಗ ತೀರಾ ಕಮ್ಮಿ.

ನನ್ನ ಮತ ಬಿಟ್ ಹಾಕುವ ಸ್ಕ್ರೂಡ್ರೈವರ್‌ಗೆ. ಕಾಲು ಇಂಚಿನ ಬಿಟ್ ಹಿಡಿಯುವ ಒಂದು ಹಿಡಿ, ಅದಕ್ಕೆ 2.5, 3 ಮಿ.ಮೀ. ಮತ್ತು ಟಿ-15 ಟಾರ್ಕ್ಸ್ (ನಕ್ಷತ್ರದಾಕಾರದ) ಬಿಟ್‌ಗಳು. ನಿಮ್ಮ ರಿಂಗ್ ಇಂಚಿನದಾದರೆ ಆ ಅಳತೆಯದೂ ಒಂದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಹೋಗಿ, ಸ್ಕ್ರೂವನ್ನು ಜೇಬಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ ಕೊಳ್ಳಿ. ಹಿಡಿ ಸಣ್ಣದಿರಲಿ. ಮೂರು ಬೆರಳಲ್ಲಿ ಹಿಡಿದು ತಿರುಗಿಸಿದರೆ ಬಿಗಿ ತಾನಾಗಿಯೇ ಮಿತಿಯಲ್ಲಿರುತ್ತದೆ. ಅಲೆನ್ ಕೀಯ ಉದ್ದನೆ ತೋಳಿನಲ್ಲಿ ಹಾಗಲ್ಲ. ಏಳು ಸೆಂಟಿಮೀಟರ್ ತೋಳಿನ ತುದಿಯಲ್ಲಿ ಮೂರು ಕಿಲೋದಷ್ಟು ಒತ್ತಿದರೆ ಸಾಕು, ಎರಡು ನ್ಯೂಟನ್ ಮೀಟರ್ ಆಗಿಹೋಯಿತು.

ಟಾರ್ಕ್ ಸ್ಕ್ರೂಡ್ರೈವರ್ ನಿಜಕ್ಕೂ ಚೆನ್ನ. ಹೇಳಿದ ಅಳತೆಗೆ ಟಕ್ ಅನ್ನುತ್ತದೆ, ನಾಲ್ಕೂ ಸ್ಕ್ರೂಗಳಿಗೆ ಒಂದೇ ಬಿಗಿ. ಕೊಳ್ಳುವಾಗ ಅಳತೆಯ ಮಿತಿ ನೋಡಿ. ಸೈಕಲ್‌ಗೆಂದು ಮಾರುವ ಎಷ್ಟೋ ಟಾರ್ಕ್ ಕೀಗಳು 4 ನ್ಯೂಟನ್ ಮೀಟರ್‌ನಿಂದಲೇ ಶುರು, ರಿಂಗ್‌ಗೆ ಬೇಕಾದದ್ದರ ಎರಡು ಪಟ್ಟು. ಥ್ರೆಡ್‌ಗೆ ಎಣ್ಣೆ ಹತ್ತಿದ್ದರೆ ಅದೇ ಟಕ್ ಶಬ್ದಕ್ಕೆ ಸ್ಕ್ರೂ ಇನ್ನೂ ಜಾಸ್ತಿ ಬಿಗಿಯಾಗಿರುತ್ತದೆ, ಹಾಗಾಗಿ ಒರೆಸಿ ಒಣಗಿಸಿಯೇ ಹಾಕಬೇಕು. ಇದರ ಬೆಲೆಯೂ ಕಮ್ಮಿಯೇನಲ್ಲ. ಜೊತೆಗೆ ಹೊಡೆಯುವ ನಾಲ್ಕು ಜನ ಗೆಳೆಯರಿದ್ದರೆ ಸೇರಿ ಒಂದು ಕೊಳ್ಳಿ, ಇದು ದಿನಾ ಬೇಕಾಗುವ ವಸ್ತುವಲ್ಲ.

ಯಾವುದನ್ನೇ ಬಳಸಿ, ಒಂದು ಬದಿಯನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ. ಕೊಳವೆ ಆ ಕಡೆಗೇ ತಿರುಗಿಬಿಡುತ್ತದೆ, ಒಳಗಿನ ಅಡ್ಡಗೆರೆ ವಾಲುತ್ತದೆ. ಕಾಲು ಸುತ್ತು ಇಲ್ಲಿ, ಕಾಲು ಸುತ್ತು ಎದುರು ಮೂಲೆಯಲ್ಲಿ. ರಿಂಗ್‌ನ ಎರಡೂ ಕಡೆಯ ಸಂದು ಸಮ ಇದೆಯಾ ಅಂತ ಹಳೇ ಇಸ್ಪೀಟ್ ಎಲೆ ತೂರಿಸಿ ನೋಡಿ.

ಗೆರೆ ನೇರ ಮಾಡಲು ಪುಟ್ಟ ಗುಳ್ಳೆಯ ಸ್ಪಿರಿಟ್ ಲೆವೆಲ್‌ಗಳನ್ನೂ ಇಟ್ಟು ನೋಡಿದೆ. ಸ್ಕೋಪ್‌ನ ಮೇಲಿನ ಮುಚ್ಚಳ ಒಳಗಿನ ಗೆರೆಗೆ ಸಮವಾಗಿರುತ್ತದೆ ಅಂತ ಏನು ಖಾತ್ರಿ? ಗೋಡೆಗೆ ದಾರ ಕಟ್ಟಿ ಕೆಳಗೆ ಭಾರ ತೂಗುಬಿಡುವುದೇ ವಾಸಿ. ರೈಫಲ್ ಅನ್ನು ಲೆವೆಲ್‌ನಿಂದ ಮಟ್ಟ ಮಾಡಿ, ಸ್ಕೋಪ್‌ನ ನಿಂತ ಗೆರೆಯನ್ನು ಆ ದಾರಕ್ಕೆ ಹೊಂದಿಸಿ, ಆಮೇಲೆ ಬಿಗಿ ಮಾಡಿ. ಈ ಕೆಲಸಕ್ಕೆ ಕೂರುವ ಮುಂಚೆ ನಳಿಕೆಯಲ್ಲಿ ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅನ್ನುವುದನ್ನು ಎರಡೆರಡು ಸಲ ನೋಡಿಕೊಳ್ಳಿ. ಎಲ್ಲ ಮುಗಿದ ಮೇಲೆ ಹಿಂದಿನ ರಿಂಗ್‌ನ ಬೆನ್ನಿಗೆ ಡವ್‌ಟೇಲ್ ಮೇಲೆ ಪೆನ್ಸಿಲ್ ಗೀಟು ಎಳೆದಿಡಿ. ಹೊಡೆದ ಮೇಲೆ ಗೀಟು ರಿಂಗ್‌ನ ಅಡಿ ಸೇರಿದ್ದರೆ ಸ್ಕ್ರೂವನ್ನು ಇನ್ನಷ್ಟು ತಿರುಚಬೇಡಿ. ರಿಂಗ್ ತಡೆಯುವ ಪಿನ್ ಇರುವ ಒಂದೇ ತುಂಡಿನ ಮೌಂಟ್ ತಂದು ಹಾಕಿ.