ಕಾರವಾರದ ಉಪ್ಪು ಗಾಳಿಯಲ್ಲಿ ನಮ್ಮ ಸ್ಲಾಟ್ ಕಾರ್ ಸೆಟ್

ಸ್ಲಾಟ್ ಕಾರ್ ಅಂದರೆ ಟ್ರ್ಯಾಕಿನ ಸೀಳಿನಲ್ಲಿ ಸಾಗುತ್ತಾ, ಪಕ್ಕದ ಲೋಹದ ಹಳಿಯಿಂದ ಕರೆಂಟ್ ಪಡೆದು ಓಡುವ ಆಟಿಕೆ ಕಾರು; ವೇಗ ಕೈಯಲ್ಲಿರುವ ಟ್ರಿಗರ್‌ನಿಂದ. ಐದು ಜನ ಗೆಳೆಯರು ದುಡ್ಡು ಸೇರಿಸಿ ಆನ್‌ಲೈನಲ್ಲಿ ತರಿಸಿದ 1:32 ಅಳತೆಯ (ನಿಜವಾದ ಕಾರಿನ 32ನೇ ಒಂದು ಭಾಗದಷ್ಟು) ಸೆಟ್ ಇದು. ಭಾನುವಾರ ಸಂಜೆ ಕಾರವಾರದ ನಮ್ಮ ಮನೆ ಜಗಲಿಯಲ್ಲೇ ರೇಸು. ಕಾರು ಮಾತ್ರ ಸೂಪರ್. ಅಡಿಯಲ್ಲಿರುವ ಪುಟ್ಟ ಆಯಸ್ಕಾಂತ ಹಳಿಯನ್ನು ಎಳೆದು ಹಿಡಿಯುತ್ತದೆ, ತಿರುವಿನಲ್ಲಿ ಸುಲಭಕ್ಕೆ ಹಾರಲ್ಲ. ಆದರೆ ಅದನ್ನು ತೆಗೆದು ಓಡಿಸಿದಾಗಲೇ ನಿಜವಾದ ಮಜಾ, ಹಿಂದಿನ ಚಕ್ರ ಜಾರುವುದು ಕಣ್ಣಿಗೆ ಕಾಣುತ್ತೆ, ಟ್ರಿಗರ್ ಎಷ್ಟು ಸಡಿಲ ಬಿಡಬೇಕು ಅಂತ ಬೆರಳೇ ಕಲಿತುಬಿಡುತ್ತೆ.

ಬೇಜಾರಾಗಿದ್ದು ಹಳಿಯಿಂದ. ಸಮುದ್ರದ ಗಾಳಿ, ಜೊತೆಗೆ ಜುಲೈ ಮಳೆ, ಎರಡೇ ವಾರಕ್ಕೆ ಕಂದು ತುಕ್ಕು ಹಿಡಿಯಿತು. ಕರೆಂಟ್ ಸರಿಯಾಗಿ ಹರಿಯದೆ ಕಾರು ತಡವರಿಸುತ್ತಿತ್ತು. ಕಾರನ್ನು ತಿರುಗಿಸಿ ನೋಡಿದರೆ ಹಳಿಗೆ ತಾಗುವ ಜಡೆಯಂಥ ತಂತಿಯೂ ಕಪ್ಪಾಗಿತ್ತು. ಮಾರಿದವರಿಗೆ ಮೂರು ಸಲ ಬರೆದೆ, ಉತ್ತರವೇ ಇಲ್ಲ. ಇದು ತಪ್ಪು ಅಲ್ವಾ?

ಕೊನೆಗೆ ಪೆನ್ಸಿಲ್ ರಬ್ಬರಿನಿಂದ ಹಳಿ ಉಜ್ಜಿ, ಬಟ್ಟೆಗೆ ಒಂದೇ ಹನಿ ಹೊಲಿಗೆ ಮಿಷನ್ ಎಣ್ಣೆ ಹಾಕಿ ತೆಳ್ಳಗೆ ಒರೆಸಿದೆ. ಎಣ್ಣೆ ಜಾಸ್ತಿಯಾದರೆ ಟಯರ್ ಜಾರುತ್ತೆ, ಹುಷಾರು. ಈಗ ಚೆನ್ನಾಗಿ ಓಡುತ್ತಿದೆ. ಕರಾವಳಿಯವರು ತಗೊಳ್ಳುವುದಾದರೆ ಸ್ಟೇನ್‌ಲೆಸ್ ಸ್ಟೀಲ್ ಹಳಿ ಇದೆಯಾ ಅಂತ ಮೊದಲೇ ಕೇಳಿ. ರೇಸ್ ಮುಗಿದ ಮೇಲೆ ಬಿಚ್ಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.