ಐಸ್40ಗೆ ಯಾವ ಮ್ಯಾಪರ್? ಫ್ಲೋಮ್ಯಾಪ್, ಎಬಿಸಿ, ಎಬಿಸಿ9

ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ತುಂಬಿಸಬಹುದಾದ ಚಿಪ್) ಡಿಸೈನ್ ನಿಧಾನ ಅನ್ನಿಸಿದರೆ ಎಲ್ಲರೂ ಮೊದಲು ಪ್ಲೇಸ್ ಅಂಡ್ ರೂಟ್, ಅಂದರೆ ಭಾಗಗಳನ್ನು ಚಿಪ್ ಮೇಲೆ ಕೂರಿಸಿ ಜೋಡಿಸುವ ಹಂತದ ಕಡೆ ನೋಡುತ್ತಾರೆ. ಅದಕ್ಕೂ ಮುಂಚೆ, ವೆರಿಲಾಗ್ ಎಂಬ ಹಾರ್ಡ್‌ವೇರ್ ಭಾಷೆಯಿಂದ ಹುಟ್ಟಿದ ಗೇಟುಗಳನ್ನು ನಾಲ್ಕು ಇನ್‌ಪುಟ್‌ನ ಲುಕಪ್ ಟೇಬಲ್‌ಗಳಿಗೆ, ಅಂದರೆ ಲಟ್‌ಗಳಿಗೆ ಹಂಚುವ ಹಂತವಿದೆ. ಅದನ್ನು ಮಾಡುವುದೇ ಮ್ಯಾಪರ್. ವೇಗದ ಹಣೆಬರಹ ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ವೆರಿಲಾಗ್ ಅನ್ನು ಗೇಟುಗಳಾಗಿಸುವ ಯೋಸಿಸ್ ಸಾಫ್ಟ್‌ವೇರ್‌ನಲ್ಲಿ ಐಸ್40 ಎಂಬ ಎಫ್‌ಪಿಜಿಎ ಚಿಪ್‌ಗಳಿಗಾಗಿ ಇದಕ್ಕೆ ಮೂರು ದಾರಿಗಳಿವೆ. ಒಂದು ಪುಟ್ಟ ಮಕ್ಸ್ (ಹಲವು ಇನ್‌ಪುಟ್‌ಗಳಲ್ಲಿ ಒಂದನ್ನು ಆರಿಸುವ ಸರ್ಕ್ಯೂಟ್) ಮತ್ತು ಪಿಕೋಆರ್‌ವಿ32 ಪ್ರೊಸೆಸರ್ ಕೋರ್ ಇಟ್ಟುಕೊಂಡು, ಐಸ್40 ಕುಟುಂಬದ, 7680 ಲಟ್‌ಗಳ ಎಚ್‌ಎಕ್ಸ್8ಕೆ ಚಿಪ್‌ಗೆ ಮೂರನ್ನೂ ಓಡಿಸಿ ನೋಡಿದೆ.

ಫ್ಲೋಮ್ಯಾಪ್ 1994ರಲ್ಲಿ ಜೇಸನ್ ಕಾಂಗ್ ಮತ್ತು ಯೂಜೆಂಗ್ ಡಿಂಗ್ ಪ್ರಕಟಿಸಿದ ಆಲ್ಗಾರಿದಮ್. ಕೊಟ್ಟ ಗೇಟ್ ಜಾಲಕ್ಕೆ ಅತಿ ಕಡಿಮೆ ಎಷ್ಟು ಲಟ್ ಹಂತ (ಸಿಗ್ನಲ್ ಒಂದರ ನಂತರ ಒಂದರಂತೆ ದಾಟುವ ಲಟ್‌ಗಳ ಎಣಿಕೆ) ಸಾಕು ಅನ್ನುವುದನ್ನು ಮ್ಯಾಕ್ಸ್-ಫ್ಲೋ ಮಿನ್-ಕಟ್ ಎಂಬ ಜಾಲದ ಲೆಕ್ಕದಿಂದ ಖಚಿತವಾಗಿ ಹೇಳುತ್ತದೆ. ಎಷ್ಟು ಸೊಗಸಾದ ಫಲಿತಾಂಶ! ಆದರೆ ಅದು ಜಾಲದ ಆಕಾರವನ್ನು ಮುಟ್ಟುವುದಿಲ್ಲ. ಎ, ಬಿ, ಸಿ, ಡಿ ಎಂಬ ನಾಲ್ಕು ಇನ್‌ಪುಟ್‌ಗಳಲ್ಲಿ ಒಂದನ್ನು ಎರಡು ಸೆಲೆಕ್ಟ್ ಬಿಟ್‌ಗಳಿಂದ ಆರಿಸುವ 4:1 ಮಕ್ಸ್ ಅನ್ನು ಮೂರು ಸಣ್ಣ ಮಕ್ಸ್‌ಗಳ ಮರವಾಗಿ ಕೊಟ್ಟರೆ ಮೂರು ಲಟ್, ಎರಡು ಹಂತ. ವಾಸ್ತವದಲ್ಲಿ ಎರಡೇ ಲಟ್ ಸಾಕು. ಮೇಲಿನ ಸೆಲೆಕ್ಟ್ ಬಿಟ್ ಸೊನ್ನೆಯಾದಾಗ ಮೊದಲ ಲಟ್ ಎ, ಬಿಗಳಲ್ಲಿ ಒಂದನ್ನು ಕೊಡಲಿ. ಒಂದಾದಾಗ ಕೆಳಗಿನ ಸೆಲೆಕ್ಟ್ ಬಿಟ್ಟನ್ನೇ ದಾಟಿಸಲಿ. ಎರಡನೆಯ ಲಟ್ ಮೊದಲ ಸಂದರ್ಭದಲ್ಲಿ ಬಂದದ್ದನ್ನು ಹಾಗೇ ಹೊರಬಿಡಲಿ, ಎರಡನೆಯದರಲ್ಲಿ ಅದನ್ನೇ ಹಿಡಿದು ಸಿ, ಡಿಗಳಲ್ಲಿ ಆರಿಸಲಿ. ಹಂತ ಆಗಲೂ ಎರಡೇ, ಹಾಗಾಗಿ ಫ್ಲೋಮ್ಯಾಪ್ ತನ್ನ ಮಾತಿಗೆ ತಪ್ಪಿಲ್ಲ. ದೊಡ್ಡ ಡಿಸೈನ್‌ನಲ್ಲಿ ಮಾತ್ರ ಹಂತ ಉಳಿಸಲು ಒಂದೇ ಗೇಟನ್ನು ಹಲವು ಲಟ್‌ಗಳಲ್ಲಿ ನಕಲು ಮಾಡುತ್ತಾ ಜಾಗ ತಿನ್ನುತ್ತದೆ. ಆಲ್ಗಾರಿದಮ್ ಕಲಿಯುವವರು ಇದರಿಂದಲೇ ಶುರುಮಾಡಲಿ. ಬೋರ್ಡಿಗೆ ನಾನು ಬಳಸುವುದಿಲ್ಲ.

ಬರ್ಕ್ಲಿಯ ಎಬಿಸಿ ಮೊದಲು ಎಲ್ಲವನ್ನೂ ಆಂಡ್ ಗೇಟ್ ಮತ್ತು ಇನ್ವರ್ಟರ್‌ಗಳಿಗೆ ಇಳಿಸಿ, ಆ ಜಾಲವನ್ನು ಪುನಃ ಹೆಣೆದು, ಆಮೇಲೆ ಮ್ಯಾಪ್ ಮಾಡುತ್ತದೆ. ಅವಸರವಿಲ್ಲದ ದಾರಿಗಳಲ್ಲಿ ಲಟ್‌ಗಳನ್ನು ವಾಪಸ್ ಉಳಿಸುತ್ತದೆ. ಪಿಕೋಆರ್‌ವಿ32ಗೆ ಕಡಿಮೆ ಲಟ್ ಬಂದದ್ದು ಇದರಲ್ಲೇ.

ಇದರ ಕುರುಡು ಜಾಗ ಕ್ಯಾರಿ ಚೈನ್, ಅಂದರೆ ಕೂಡುವಾಗ ಮಿಕ್ಕಿದ್ದನ್ನು ಒಂದು ಬಿಟ್‌ನಿಂದ ಮುಂದಿನ ಬಿಟ್‌ಗೆ ದಾಟಿಸುವ ಸೆಲ್‌ಗಳ ಸಾಲು. ಈ ದಾರಿಯಲ್ಲಿ ಕ್ಯಾರಿ ಸೆಲ್ ಬಂದಲ್ಲಿ ಎಬಿಸಿಯ ಜಗತ್ತು ಮುಗಿಯುತ್ತದೆ. 32 ಬಿಟ್ ಕೂಡಿ ಕೊನೆಗೆ ಬರುವ ಸಿಗ್ನಲ್ ಕೂಡ ಅದರ ಲೆಕ್ಕಕ್ಕೆ ಆಗಷ್ಟೇ ಹುಟ್ಟಿದ ಹೊಸ ಇನ್‌ಪುಟ್. ತಡವಾಗಿ ಬರುವುದನ್ನು ಔಟ್‌ಪುಟ್ ಹತ್ತಿರ ಇಡಬೇಕೆಂದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಎಬಿಸಿ9 ಬೇರೆಯಾಗುವುದು ಇಲ್ಲೇ. ಕ್ಯಾರಿಯನ್ನು ವಿಳಂಬ ಗೊತ್ತಿರುವ ಪೆಟ್ಟಿಗೆಯಾಗಿ ನೋಡುತ್ತದೆ. ಎಚ್‌ಎಕ್ಸ್ ಚಿಪ್‌ನಲ್ಲಿ ಒಂದು ಬಿಟ್ ಕ್ಯಾರಿ ದಾಟಲು 126 ಪಿಕೋಸೆಕೆಂಡ್. ಲಟ್‌ನ ನಾಲ್ಕು ಪಿನ್‌ಗಳೂ ಅದಕ್ಕೆ ಸಮಾನವಲ್ಲ: ನಿಧಾನದ ಪಿನ್ 449, ಚುರುಕಿನದು 316. ತಡವಾಗಿ ಬರುವ ಸಿಗ್ನಲ್‌ಗೆ ಚುರುಕಿನ ಪಿನ್ ಕೊಡುತ್ತದೆ. ಕೂಡುವ, ಹೋಲಿಸುವ ಕೆಲಸ ತುಂಬಿರುವ ಡಿಸೈನ್‌ಗೆ ಇದೇ ನನ್ನ ಆಯ್ಕೆ, ಲಟ್ ಸ್ವಲ್ಪ ಹೆಚ್ಚಾದರೂ ಸರಿ. ಬರೀ ಸ್ಟೇಟ್ ಮಷೀನ್ ಇದ್ದು ಚಿಪ್ ತುಂಬುತ್ತಾ ಬಂದಿದ್ದರೆ ಹಳೆಯ ಎಬಿಸಿಯೇ ಸಾಕು.

ಹೋಲಿಸುವಾಗ, ಪ್ಲೇಸ್ ಅಂಡ್ ರೂಟ್ ಮಾಡುವ ನೆಕ್ಸ್ಟ್‌ಪಿಎನ್‌ಆರ್‌ನಲ್ಲಿ ಸೀಡ್ (ಯಾದೃಚ್ಛಿಕ ಹುಡುಕಾಟ ಶುರುವಾಗುವ ಸಂಖ್ಯೆ) ಬದಲಿಸುತ್ತಾ ಹಲವು ಸಲ ಓಡಿಸಿ. ಸೀಡ್ ಬದಲಾದರೆ ಮೆಗಾಹರ್ಟ್ಸ್ ಕೂಡ ಬದಲಾಗುತ್ತದೆ, ಒಂದೆರಡು ಓಟಗಳಲ್ಲಿ ಎಬಿಸಿಯೇ ಮುಂದಿತ್ತು. ಇನ್ನು ಎಬಿಸಿ9 ಬಳಸುವವರ ಬೋರ್ಡ್ ಮೇಲೆ ಐಸ್40ರ ಇನ್ನೊಂದು ಚಿಪ್ ಯುಪಿ5ಕೆ ಇದ್ದರೆ ಯೋಸಿಸ್‌ಗೆ ‘-ಡಿವೈಸ್ ಯು’ ಕೊಡಲೇಬೇಕು, ಇಲ್ಲದಿದ್ದರೆ ಎಚ್‌ಎಕ್ಸ್ ಅಂಕಿಗಳ ಮೇಲೇ ಲೆಕ್ಕ ನಡೆಯುತ್ತದೆ.