ಜಿಐ ಕೀಳಿಸಿ ಸಿಪಿವಿಸಿ ಹಾಕಿಸಿ ಹತ್ತು ವರ್ಷ: ಪೈಪ್ ಗಟ್ಟಿ, ಜಾಯಿಂಟ್ ಮೇಲೆ ಕಣ್ಣಿರಲಿ

ತುಮಕೂರಿನ ನಮ್ಮ ಮನೆಗೆ ಬೋರ್‌ವೆಲ್ ನೀರೇ ಗತಿ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಳಗೆಲ್ಲ ತುಕ್ಕು ಹಿಡಿದು, ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು ಬರುತ್ತಿತ್ತು. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ಹಾಕಿಸಿದ ಮೇಲೆ ಆ ಕಾಟ ತಪ್ಪಿತು. ಕೆನೆಬಣ್ಣದ ಈ ಪೈಪ್ 93 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿನೀರು ತಡೆಯುತ್ತದೆ. ಇನ್ನೊಂದು ಬಗೆಯ ಪ್ಲಾಸ್ಟಿಕ್ಕಾದ ಬಿಳಿ ಯುಪಿವಿಸಿ ತಣ್ಣೀರಿಗಷ್ಟೇ. ಕೊಳ್ಳುವಾಗ ಮೈಮೇಲೆ ಸಿಪಿವಿಸಿ ಪೈಪಿನ ಭಾರತೀಯ ಮಾನದಂಡವಾದ ಐಎಸ್ 15778 ಎಂದು ಅಚ್ಚಾಗಿದೆಯೇ ನೋಡಿ.

ಪೈಪ್ ಇಲ್ಲಿಯವರೆಗೆ ಎಲ್ಲೂ ಸೋರಿಲ್ಲ. ತಾಪತ್ರಯವೆಲ್ಲ ಪ್ಲಾಸ್ಟಿಕ್ಕಿಗೆ ಲೋಹ ಕೂಡುವ ಕಡೆ. ಅಡುಗೆಮನೆ ನಲ್ಲಿಯ ಹಿಂದೆ ಪ್ಲಂಬರ್ ಬರೀ ಪ್ಲಾಸ್ಟಿಕ್ ಥ್ರೆಡ್ಡಿನ ಎಲ್ಬೋ (ಪೈಪ್ ತಿರುವಿನ ತುಂಡು) ಕೂರಿಸಿ, ಸ್ಪ್ಯಾನರ್ ಹಾಕಿ ಜೋರಾಗಿ ಬಿಗಿದಿದ್ದ. ಎರಡನೇ ಬೇಸಿಗೆಗೆ ಎಲ್ಬೋ ಬಾಯಲ್ಲಿ ಕೂದಲೆಳೆಯಷ್ಟು ಬಿರುಕು. ಟೈಲ್ಸ್ ಸಂದಿಯಲ್ಲಿ ಬಿಳಿ ಉಪ್ಪು ಹೂಬಿಟ್ಟಾಗಲೇ ಗೊತ್ತಾಗಿದ್ದು. ಟೈಲ್ಸ್ ಒಡೆಸಿ, ಒಳಗೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೋ ಹಾಕಿಸಿದೆವು. ದುಡ್ಡು ಜಾಸ್ತಿ, ಆದರೂ ನಲ್ಲಿ ಕೂರುವ ಪ್ರತಿ ಪಾಯಿಂಟಿಗೂ ಅದೇ ಬೇಕೆಂದು ಪಟ್ಟು ಹಿಡಿಯಿರಿ. ಸಣಬಿನ ದಾರ ಸುತ್ತುವುದು ಜಿಐ ಕಾಲದ ಅಭ್ಯಾಸ. ಇದಕ್ಕೆ ಟೆಫ್ಲಾನ್ ಟೇಪ್ ಸಾಕು.

ಪೈಪ್ ಅಂಟಿಸುವ ಸೊಲ್ಯೂಷನ್ನಿನ ವಿಷಯದಲ್ಲೂ ಹುಷಾರು. ಯುಪಿವಿಸಿಯದು ಬೇರೆ, ಸಿಪಿವಿಸಿಯದು ಬೇರೆ. "ಎಲ್ಲಾ ಒಂದೇ ಸಾರ್" ಅನ್ನುವವರು ಸಿಕ್ಕೇ ಸಿಗುತ್ತಾರೆ. ಹಚ್ಚಿದ ಮೇಲೆ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡದೆ ನೀರು ಹರಿಸಬಾರದು.

ತಾರಸಿ ಮೇಲಿನ ಪೈಪಿಗೆ ಬಿಸಿಲೇ ಶತ್ರು, ವರ್ಷಗಟ್ಟಲೆ ಕಾದರೆ ಪೆಡಸಾಗುತ್ತದೆ. ನಾವು ವಾಟರ್ ಬೇಸ್ ಪೇಂಟ್ ಹೊಡೆಸಿದ್ದೇವೆ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಸೋಲಾರ್ ಟ್ಯಾಂಕಿನ ನೀರು ಕುದಿಯುವ ಮಟ್ಟ ಮುಟ್ಟಬಹುದು. ಹಾಗಾಗಿ ಟ್ಯಾಂಕಿನಿಂದ ಹೊರಡುವ ಮೊದಲ ತುಂಡು ಮಾತ್ರ ಈಗಲೂ ಜಿಐ.

ಗಡಸು ನೀರಿಗೆ ಮಾತ್ರ ಯಾವ ಪೈಪೂ ಮದ್ದಲ್ಲ. ತುಕ್ಕು ಹೋಯಿತು, ಸುಣ್ಣ ಉಳಿಯಿತು. ನೀರಿನ ಧಾರೆ ಸಣ್ಣಗಾದರೆ ಪ್ಲಂಬರಿಗೆ ಫೋನ್ ಮಾಡುವ ಮೊದಲು ನಲ್ಲಿ ತುದಿಯ ಜಾಲರಿ ಬಿಚ್ಚಿ, ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ, ಬೆಳಗ್ಗೆ ಹಳೇ ಬ್ರಷ್ಷಿನಲ್ಲಿ ಉಜ್ಜಿ. ಮುಕ್ಕಾಲು ಪಾಲು ದೂರು ಅಲ್ಲೇ ಮುಗಿಯುತ್ತದೆ. ಹಾಗೆಯೇ ಟ್ಯಾಂಕ್ ಕೆಳಗಿನ ಬಾಲ್ ವಾಲ್ವ್ ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತಿರಿ. ಸುಣ್ಣ ಕಟ್ಟಿ ಹಿಡಿದುಕೊಂಡರೆ, ಪೈಪ್ ಒಡೆದ ದಿನವೇ ಅದು ತಿರುಗುವುದಿಲ್ಲ.